ಆಡಿಸೋಕೂ ಡಾಕ್ಟರಾ?

"ಮಕ್ಕಳನ್ನ ಆಡಿಸೋಕೂ ಡಾಕ್ಟರ್ ಬೇಕೇನ್ರೀ?" ಅಂತ ನಗುವವರಿಗೆಲ್ಲ ಒಂದೇ ಸಲ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ. ಬೇಕು ಸ್ವಾಮಿ.

ನಮ್ಮ ಆವನಿ ಕಡೆ ಮಗು ರಾತ್ರಿ ಚೀರಿ ಎದ್ದರೆ, ಎಂಟು ವರ್ಷಕ್ಕೆ ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡರೆ ಮೊದಲು ತಾಯತ, ಆಮೇಲೆ ಬೆತ್ತ. ಎರಡೂ ಮುಗಿದ ಮೇಲೆ "ದೊಡ್ಡವನಾದ್ರೆ ಸರಿಹೋಗ್ತಾನೆ ಬಿಡಿ". ನಾನು ಬಲ್ಲ ಒಬ್ಬ ಹುಡುಗ ಅಪ್ಪ ತೀರಿಕೊಂಡ ಮೇಲೆ ಶಾಲೆಯಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿದ. ಅಳುತ್ತಿರಲಿಲ್ಲ, ಹಾಗಾಗಿ ದುಃಖವಿಲ್ಲ ಅಂತ ಮನೆಯವರ ಲೆಕ್ಕ. ಅಂಗಳದಲ್ಲಿ ಗುಂಡಿ ತೋಡಿ, ಒಂದು ಕಡ್ಡಿ ಮಲಗಿಸಿ, ಮಣ್ಣು ಮುಚ್ಚಿ, ಮತ್ತೆ ಹೊರಗೆ ತೆಗೀತಿದ್ದ. ದಿನಾ ಅದೇ ಆಟ. ಕಂಡವರೆಲ್ಲ "ಅಪಶಕುನ" ಅಂತ ಗದರಿಸಿ ಎಬ್ಬಿಸಿದರು. ಹುಡುಗ ಹೇಳುತ್ತಿದ್ದುದೇ ಅದು, ಅದನ್ನೂ ಬಾಯಿ ಮುಚ್ಚಿಸಿದ ಹಾಗಾಯ್ತು!

ಆಟದ ಚಿಕಿತ್ಸೆ ಅಂದರೆ ಆ ಹುಡುಗನ ಪಕ್ಕ ನೆಲದ ಮೇಲೆ ಕೂತು, ಗದರದೆ, ಬುದ್ಧಿ ಹೇಳದೆ, "ಮತ್ತೆ ಹೊರಗೆ ತೆಗೆದೆ" ಅನ್ನಬಲ್ಲ ಒಬ್ಬ ಮನುಷ್ಯ. ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲೇ ಪುಸ್ತಕ ಬರೆದು ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ: ದಾರಿ ಮಗು ತೋರಿಸಲಿ, ದೊಡ್ಡವರು ಹಿಂದೆ ಹೋಗಲಿ. ಸುಲಭ ಅನ್ನಿಸುತ್ತಾ? ಹತ್ತು ನಿಮಿಷ ಉಪದೇಶ ಮಾಡದೆ ಮಗುವಿನ ಹತ್ತಿರ ಕೂತು ನೋಡಿ, ಗೊತ್ತಾಗುತ್ತೆ.

ಎಲ್ಲಕ್ಕೂ ಇದೇ ಮದ್ದಲ್ಲ. ಚಂಚಲತೆ ವಿಪರೀತವಾದ ಪುಟ್ಟ ಮಗುವಿಗೆ ಮೊದಲು ಬೇಕಾದದ್ದು ಅಪ್ಪ ಅಮ್ಮನಿಗೆ ತರಬೇತಿ. ಹದಿನೈದರ ಹುಡುಗಿಯ ಮುಂದೆ ಗೊಂಬೆ ಇಟ್ಟರೆ ಎದ್ದು ಹೋಗುತ್ತಾಳೆ. ಅವಳಿಗೆ ಮಾತು ಬೇಕು, ಗುಟ್ಟು ಉಳಿಸುವವರು ಬೇಕು. ನಾಲ್ಕು ಬಣ್ಣದ ಚೆಂಡಿಟ್ಟು 'ಪ್ಲೇ ಥೆರಪಿ' ಬೋರ್ಡು ತಗುಲಿಸಿ ಗಂಟೆ ಲೆಕ್ಕದಲ್ಲಿ ದುಡ್ಡು ಕೀಳುವವರ ಬಗ್ಗೆ ನನಗೂ ಸಿಟ್ಟಿದೆ. ಅದು ಬೇರೆ ಜಗಳ.

ಈ ಜಗಳ ಸರ್ಕಾರದ ಜೊತೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 18ನೇ ಸೆಕ್ಷನ್ ತೆಗೆದು ಓದಿ. ಮಕ್ಕಳಿಗೆ ಪ್ರತ್ಯೇಕ ಮಾನಸಿಕ ಆರೋಗ್ಯ ಸೇವೆ ಇರಬೇಕು, ಅದಕ್ಕಾಗಿ ಯಾರೂ ದೂರ ಅಲೆಯುವಂತಾಗಬಾರದು ಅಂತ ಅಲ್ಲೇ ಇದೆ. ಜಾರಿಗೆ ಬಂದದ್ದು 2018ರ ಮೇನಲ್ಲಿ. ಆವನಿಯಿಂದ ನಿಮ್ಹಾನ್ಸ್‌ಗೆ ಸುಮಾರು 100 ಕಿಲೋಮೀಟರು. ವಾರಕ್ಕೊಮ್ಮೆ ಕೂಲಿ ಬಿಟ್ಟು ಯಾವ ತಾಯಿ ಹೋಗಿಬರ್ತಾಳೆ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಪಟ್ಟಿಯಲ್ಲಿ ಆಟಿಸಂ, ಕಲಿಕೆಯ ತೊಂದರೆ ಎಲ್ಲಾ ಇವೆ. ಸರಿ, ಪತ್ತೆ ಆಯ್ತು, ಮುಂದೆ? ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅನ್ನಬಹುದು. ಮಾತೇ ಆಡದ ಮಗು ಫೋನಲ್ಲಿ ಏನು ಹೇಳುತ್ತೆ?

ಕಲಿಸೋರಿಲ್ಲ ಅನ್ನೋ ನೆಪವೂ ಬೇಡ. ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡಲೆಂದೇ ನಿಮ್ಹಾನ್ಸ್‌ನಲ್ಲಿ 2020ರಲ್ಲಿ 'ಸಂವಾದ' ಶುರುವಾಯಿತು.

ನಮ್ಮೂರ ಬೆಟ್ಟ ಹತ್ತಿದವರಿಗೆ ಗೊತ್ತು, ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಅಂತ ಪ್ರತೀತಿ. ಮಕ್ಕಳಾಗಲಿ ಅಂತ ಬೇಡಿಕೊಳ್ಳಲು ಎಲ್ಲೆಲ್ಲಿಂದಲೋ ಬರ್ತಾರೆ. ಅಪ್ಪ ಜೊತೆಗಿಲ್ಲದೆ ಬೆಳೆದ ಆ ಇಬ್ಬರು ಹುಡುಗರು ಅಶ್ವಮೇಧದ ಕುದುರೆ ಕಟ್ಟಿಹಾಕಿದರೆ ನಮಗೆ ಹೆಮ್ಮೆ. ಇವತ್ತಿನ ಹುಡುಗ ಮೇಷ್ಟ್ರ ಸೈಕಲ್ ಗಾಳಿ ಬಿಟ್ಟರೆ ಟಿ.ಸಿ. ಕೊಟ್ಟು ಕಳಿಸ್ತೀವಿ :)

ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಬೆಂಗಳೂರಿಗೆ ಹೋದರೆ ಇಂಗ್ಲಿಷು. ಮಗು ಯಾವ ಭಾಷೆಯಲ್ಲಿ ಅಳಬೇಕು? ಮಣ್ಣು, ಕಡ್ಡಿಗೆ ಆ ತಾಪತ್ರಯ ಇಲ್ಲ.

ನಾನು ಕೇಳ್ತಿರೋದು ಆಸ್ಪತ್ರೆ ಕಟ್ಟಡ ಅಲ್ಲ. ಮುಳಬಾಗಿಲಲ್ಲಿ ಒಂದು ಕೋಣೆ, ಒಂದು ಚಾಪೆ, ಜೇಡಿಮಣ್ಣು, ನಾಲ್ಕು ಗೊಂಬೆ, ಎರಡೂ ಭಾಷೆ ಬಲ್ಲ ತರಬೇತಾದ ಒಬ್ಬರು, ವಾರಕ್ಕೆರಡು ದಿನ. ಟೊಮೆಟೊ ಸೀಸನ್ನಿನಲ್ಲೂ ಬಾಗಿಲು ತೆರೆದಿರಬೇಕು, ಅಷ್ಟೇ.