ವಿಮಾನ ನಿಲ್ದಾಣದ ಸುತ್ತಣ ಭೂಮಿ: ಕ್ರಯವೋ, ಗುತ್ತಿಗೆಯೋ?

ದೇವನಹಳ್ಳಿ ತಾಲ್ಲೂಕಿನ ಜಮೀನುದಾರರು ಈ ಕಾಲದಲ್ಲಿ ಬಹು ಎಚ್ಚರಿಕೆಯಿಂದ ಆಲೋಚಿಸತಕ್ಕ ವಿಷಯವೊಂದಿದೆ. ೨೦೦೮ನೆಯ ಇಸವಿ ಮೇ ತಿಂಗಳಿನಲ್ಲಿ ಅಲ್ಲಿಯ ವಿಮಾನ ನಿಲ್ದಾಣವು ಆರಂಭವಾದಂದಿನಿಂದ, ಕಚೇರಿಗಳು, ಕಾರ್ಖಾನೆಗಳು, ಉಗ್ರಾಣಗಳು, ಹೋಟೆಲುಗಳು ಒಂದೇ ಆವರಣದಲ್ಲಿ ಸೇರಿರುವ ಬಿಸಿನೆಸ್ ಪಾರ್ಕುಗಳಿಗಾಗಿ ಸುತ್ತಣ ಗ್ರಾಮಗಳ ಭೂಮಿಗೆ ಬೇಡಿಕೆಯು ವರ್ಷೇ ವರ್ಷೇ ಹೆಚ್ಚುತ್ತ ಬಂದಿದೆ. ಈ ಉದ್ಯಮಗಳು ಬೇಡವೆಂದು ಯಾರೂ ಹೇಳಲಾರರು. ಅವು ಬರುವಾಗ ಭೂಮಿಯ ಸ್ವಾಮ್ಯವು ಯಾರಲ್ಲಿ ಉಳಿಯಬೇಕೆಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಈ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧೩ ಗ್ರಾಮಗಳಿಗೆ ಸೇರಿದ ೧,೭೭೭ ಎಕರೆ ಜಮೀನನ್ನು ವಿಮಾನೋದ್ಯಮಗಳಿಗಾಗಿ ವಶಪಡಿಸಿಕೊಳ್ಳಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಕ್ರಮ ಕೈಗೊಂಡಿತ್ತು. ರೈತರು ಮೂರು ವರ್ಷಗಳಿಗೂ ಮೀರಿ ಧರಣಿ ನಡೆಸಿದ ತರುವಾಯ, ೨೦೨೫ನೆಯ ಇಸವಿ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸಾರಿದರು. ಸ್ವಇಚ್ಛೆಯಿಂದ ಕೊಡಲೊಪ್ಪುವವರ ಜಮೀನನ್ನು ಮಾತ್ರ ಹೆಚ್ಚಿನ ಪರಿಹಾರವನ್ನಿತ್ತು ತೆಗೆದುಕೊಳ್ಳಲಾಗುವುದೆಂದೂ ಆಗಲೇ ತಿಳಿಸಲಾಯಿತು.

ಇದನ್ನು ಕೇಳಿ ಅನೇಕರು, ಭಯವು ತೀರಿತೆಂದು ನೆಮ್ಮದಿಗೊಂಡರು. ಆದರೆ ವಾಸ್ತವವಾಗಿ ಭಾರವು ಸರ್ಕಾರದ ಹೆಗಲಿನಿಂದ ಇಳಿದು ಒಬ್ಬೊಬ್ಬ ಖಾತೆದಾರನ ಹೆಗಲ ಮೇಲೆ ಬಂದಿದೆ. ಬಲವಂತದ ಸ್ವಾಧೀನವನ್ನು ಊರೆಲ್ಲ ಒಟ್ಟುಗೂಡಿ ಎದುರಿಸಬಹುದು; ಒಳ್ಳೆಯ ಬೆಲೆಯ ಆಸೆಯನ್ನಾದರೋ ಪ್ರತಿಯೊಬ್ಬನೂ ತನ್ನ ಮನೆಯ ಜಗುಲಿಯಲ್ಲಿ ಒಬ್ಬಂಟಿಯಾಗಿಯೇ ಎದುರಿಸಬೇಕಾಗುತ್ತದೆ. ಭೂಸುಧಾರಣಾ ಕಾಯಿದೆಗೆ ೨೦೨೦ರಲ್ಲಿ ತಂದ ತಿದ್ದುಪಡಿಯಿಂದ, ವ್ಯವಸಾಯಗಾರರಲ್ಲದವರೂ ಕೃಷಿಭೂಮಿಯನ್ನು ಕ್ರಯಕ್ಕೆ ಪಡೆಯಲು ಇದ್ದ ಅಡ್ಡಿಯು ನಿವಾರಣೆಯಾಯಿತು. ಹೀಗಾಗಿ ದಲ್ಲಾಳಿಗಳ ದಾರಿಯು ಇನ್ನಷ್ಟು ಸುಗಮವಾಗಿದೆ.

ಕ್ರಯಪತ್ರಕ್ಕೆ ರುಜು ಹಾಕುವ ಮುನ್ನ ಭೂಮಿಯು ಕೊಡುತ್ತಿರುವುದೇನೆಂಬುದನ್ನು ಲೆಕ್ಕ ಹಾಕಬೇಕು. ದೇವನಹಳ್ಳಿಯ ಚಕ್ಕೋತವೂ ಬೆಂಗಳೂರು ನೀಲಿ ದ್ರಾಕ್ಷಿಯೂ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಬೆಳೆಗಳು. ಈ ದ್ರಾಕ್ಷಿಯು ವರ್ಷಕ್ಕೆ ಎರಡು ಫಸಲನ್ನು ಕೊಡುತ್ತದೆ. ಹಿಪ್ಪುನೇರಳೆಯಿಂದ ವರ್ಷದಲ್ಲಿ ಹಲವು ಬಾರಿ ರೇಷ್ಮೆಯ ಗೂಡು ಕೈಸೇರುತ್ತದೆ; ಹಾಲಿನ ಹಣವಂತೂ ತಪ್ಪದೆ ಬರುತ್ತಿರುತ್ತದೆ. ಜೀವನದಿಯಿಲ್ಲದ ಸೀಮೆಯಲ್ಲಿ, ಅಂತರ್ಜಲವು ಅತಿಯಾಗಿ ಬಳಕೆಯಾಗಿರುವ ತಾಲ್ಲೂಕಿನಲ್ಲಿ, ರೈತರು ಸಾಲ ಮಾಡಿ ಕೊರೆಸಿದ ಬಾವಿಗಳಿಂದ ಇದನ್ನೆಲ್ಲ ಸಾಧಿಸಿದ್ದಾರೆ. ಕ್ರಯದ ಹಣವಾದರೋ ಒಮ್ಮೆ ಮಾತ್ರ ಬರುವಂಥದು. ಮನೆ, ಮದುವೆ, ಮೋಟಾರು ವಾಹನಗಳೆಂದು ಅದು ಕರಗಿದ ಮೇಲೆ, ಆ ಕುಟುಂಬದ ಮುಂದಿನ ತಲೆಮಾರು ತನ್ನದೇ ಹೊಲದ ಮೇಲೆ ಎದ್ದ ಕಟ್ಟಡದ ಬಾಗಿಲಲ್ಲಿ ಕಾವಲು ಕಾಯುವ ಕೆಲಸವನ್ನು ಕೇಳಬೇಕಾದೀತು.

ಈ ವಿಷಯದಲ್ಲಿ ಜಮೀನುದಾರರಿಗೆ ಮಾದರಿಯು ಬಹು ಹತ್ತಿರದಲ್ಲಿಯೇ ಇದೆ. ವಿಮಾನ ನಿಲ್ದಾಣವು ನಿಂತಿರುವ ಸುಮಾರು ೪,೦೦೦ ಎಕರೆ ಭೂಮಿಯನ್ನು ನಿಲ್ದಾಣವನ್ನು ನಡೆಯಿಸುವ ಕಂಪೆನಿಗೆ ಕ್ರಯಕ್ಕೆ ಕೊಟ್ಟಿಲ್ಲ. ರಾಜ್ಯ ಸರ್ಕಾರವು ತನ್ನ ಸಂಸ್ಥೆಯ ಮೂಲಕ ಅದನ್ನು ೩೦ ವರ್ಷಗಳ ಗುತ್ತಿಗೆಗೆ, ಮತ್ತೂ ೩೦ ವರ್ಷ ಮುಂದುವರಿಸುವ ಅವಕಾಶದೊಡನೆ ಕೊಟ್ಟಿದೆ. ನಿಲ್ದಾಣದ ಆವರಣದಲ್ಲಿ ಏಳುತ್ತಿರುವ ಕಚೇರಿಗಳೂ ಹೋಟೆಲುಗಳೂ ಈ ಗುತ್ತಿಗೆಯ ನೆಲದ ಮೇಲೆಯೇ ನಿಂತಿವೆ. ಗುತ್ತಿಗೆಯ ನೆಲದಲ್ಲಿ ದೊಡ್ಡ ಬಂಡವಾಳ ಹೂಡಲು ವರ್ತಕರು ಹಿಂಜರಿಯುತ್ತಾರೆಂಬ ಮಾತು ಇದರಿಂದಲೇ ಸುಳ್ಳಾಗುತ್ತದೆ. ಸರ್ಕಾರವೇ ತನ್ನ ಸ್ವಾಮ್ಯವನ್ನು ಉಳಿಸಿಕೊಂಡಿರುವಾಗ, ಎರಡು ಎಕರೆಯ ಒಡೆಯನು ತನ್ನದನ್ನು ಶಾಶ್ವತವಾಗಿ ಬಿಟ್ಟುಕೊಡುವುದು ವಿವೇಕವೆನಿಸಲಾರದು.

ಎರಡು ಎಕರೆಯವನೊಡನೆ ಯಾವ ದೊಡ್ಡ ಉದ್ಯಮಿಯೂ ಗುತ್ತಿಗೆಯ ಮಾತಾಡುವುದಿಲ್ಲವೆಂಬ ಆಕ್ಷೇಪಣೆಯು ಸರಿಯಾದುದೇ. ಅದಕ್ಕೆ ಪರಿಹಾರವು ಒಗ್ಗಟ್ಟಿನಲ್ಲಿದೆ. ಪುಣೆಯ ಹಡಪ್ಸರದಲ್ಲಿ ಮಗರಪಟ್ಟಾ ಎಂಬಲ್ಲಿ ಸುಮಾರು ೧೨೦ ರೈತಕುಟುಂಬಗಳು ತಮ್ಮ ೪೦೦ ಎಕರೆಗಳಷ್ಟು ಜಮೀನನ್ನು ಒಟ್ಟುಗೂಡಿಸಿ ತಾವೇ ಒಂದು ಕಂಪೆನಿಯನ್ನು ಸ್ಥಾಪಿಸಿದವು. ಪ್ರತಿಯೊಂದು ಕುಟುಂಬಕ್ಕೂ ಅದರ ಜಮೀನಿನ ಪ್ರಮಾಣಕ್ಕೆ ತಕ್ಕಂತೆ ಷೇರುಗಳು ದೊರೆತವು. ೨೦೦೦ದ ಸುಮಾರಿಗೆ ಕೆಲಸವು ಆರಂಭವಾಗಿ, ಅಲ್ಲಿ ಮನೆಗಳೂ ಸಾಫ್ಟ್‌ವೇರ್ ಕಚೇರಿಗಳೂ ಎದ್ದವು. ಕಚೇರಿಗಳ ಬಾಡಿಗೆಯು ಭೂಮಿಯ ಮೂಲ ಒಡೆಯರಿಗೂ ಆದಾಯವಾಗಿ ಪರಿಣಮಿಸಿತು. ಒಂದು ಗ್ರಾಮದಲ್ಲಿ ಸಾಧ್ಯವಾದುದು ಮತ್ತೊಂದರಲ್ಲಿ ಅಸಾಧ್ಯವೇನಲ್ಲ. ಆದರೆ ಅದಕ್ಕೆ ಪರಸ್ಪರ ನಂಬಿಕೆಯೂ ಲೆಕ್ಕಪತ್ರದ ಶುದ್ಧಿಯೂ ಅವಶ್ಯಕ.

ಕಾಯಿದೆಯ ಅಂಶಗಳನ್ನೂ ಮರೆಯತಕ್ಕದ್ದಲ್ಲ. ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಭೂಸುಧಾರಣಾ ಕಾಯಿದೆಯಲ್ಲಿ ನಿಷೇಧವಿರುವುದರಿಂದ, ಭೂಪರಿವರ್ತನೆಯ ಆದೇಶವನ್ನು ಪಡೆದ ಬಳಿಕವೇ ಇಂಥ ಗುತ್ತಿಗೆಗೆ ಕೈಹಾಕಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯ ಪತ್ರವು ನೋಂದಣಿಯಾಗಲೇಬೇಕು. ಬಾಡಿಗೆಯು ಇಷ್ಟು ವರ್ಷಗಳಿಗೊಮ್ಮೆ ಇಷ್ಟು ಏರತಕ್ಕದ್ದೆಂದೂ, ಗೊತ್ತಾದ ಅವಧಿಯೊಳಗೆ ಕಟ್ಟಡ ಕಟ್ಟದಿದ್ದರೆ ಭೂಮಿಯು ಹಿಂದಿರುಗತಕ್ಕದ್ದೆಂದೂ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು. ಮಂಡಳಿಗೇ ಜಮೀನು ಕೊಡಬಯಸುವವರು, ಪೂರ್ತಿ ಹಣವನ್ನೇ ಕೇಳುವ ಬದಲು, ಎಕರೆಗೆ ಸುಮಾರು ಕಾಲು ಎಕರೆಯಷ್ಟು ಅಭಿವೃದ್ಧಿಪಡಿಸಿದ ನಿವೇಶನವನ್ನು ಪಡೆಯುವ ಕ್ರಮವನ್ನು ವಿಚಾರಿಸುವುದು ಮೇಲು. ಕಾಲು ಎಕರೆಯಾದರೂ ಸ್ವಂತದ್ದಾಗಿ ಉಳಿದರೆ ಅದರಿಂದ ಬಾಡಿಗೆಯು ಬರುತ್ತದೆ.

ಹೀಗೆಂದಮಾತ್ರಕ್ಕೆ ಎಲ್ಲ ಜಮೀನನ್ನೂ ಗುತ್ತಿಗೆಗೆ ಕೊಡಬಹುದೆಂದು ಅರ್ಥವಲ್ಲ. ಗುತ್ತಿಗೆಯು ಒಡೆತನವನ್ನು ಉಳಿಸಬಲ್ಲುದೇ ಹೊರತು ಬೇಸಾಯವನ್ನು ಉಳಿಸಲಾರದು. ಕಾಂಕ್ರೀಟು ಹಾಸಿದ ಹೊಲವು ಅವಧಿ ಮುಗಿದ ಮೇಲೆ ಹಿಂದಿರುಗಿದರೂ ಮತ್ತೆ ರಾಗಿ ಬೆಳೆಯಲಾರದು. ಆದಕಾರಣ ನೀರಾವರಿಯ ತೋಟಗಳನ್ನೂ ಕೆರೆಯ ಅಚ್ಚುಕಟ್ಟನ್ನೂ ರಾಜಕಾಲುವೆಯ ಅಂಚನ್ನೂ ಈ ಮಾತುಕತೆಯಿಂದ ಹೊರಗಿಡಬೇಕು. ಬಾವಿಯಿಲ್ಲದ ಬರಡು ಖುಷ್ಕಿಯನ್ನು ಮಾತ್ರ ಪರಿಶೀಲಿಸಬೇಕು. ಕಚೇರಿಯು ಮಹಡಿಯ ಮೇಲೆ ಮಹಡಿಯಾಗಿ ಬೆಳೆಯಬಲ್ಲುದು; ದ್ರಾಕ್ಷಿಯ ಚಪ್ಪರಕ್ಕೆ ಆ ಭಾಗ್ಯವಿಲ್ಲ. ೨೦೨೪ರಲ್ಲಿ ಇದೇ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಬೋಯಿಂಗ್ ಸಂಸ್ಥೆಯ ಎಂಜಿನಿಯರಿಂಗ್ ಕೇಂದ್ರಕ್ಕೆ ೪೩ ಎಕರೆಯು ಸಾಕಾಯಿತು. ಸಾವಿರಾರು ಎಕರೆ ಬೇಕೆನ್ನುವವರು, ಹಿಂದೆ ಪಡೆದ ನೆಲವೆಷ್ಟು ಖಾಲಿ ಬಿದ್ದಿದೆಯೆಂಬ ಲೆಕ್ಕವನ್ನು ಮೊದಲು ತೋರಿಸುವುದು ನ್ಯಾಯ.

ಸಾಲದ ಹೊರೆಯಿಂದಲೋ ಕಾಯಿಲೆಯಿಂದಲೋ ಮಾರಲೇಬೇಕಾದವರೂ ಉಂಟು; ಅವರನ್ನು ದೂಷಿಸುವುದು ತರವಲ್ಲ. ಆದರೆ ಅಂಥ ಕುಟುಂಬವು ಮಧ್ಯವರ್ತಿಯ ಮನೆಗೆ ಹೋಗುವ ಮುನ್ನ ಊರಿನವರ ಬಳಿಗೆ ಬರುವಂತಿರಬೇಕು. ಇದು ಗ್ರಾಮಮುಖಂಡರ ಹೊಣೆ. ಪಹಣಿಯಲ್ಲಿ ತೀರಿಕೊಂಡವರ ಹೆಸರೇ ಇದ್ದರೆ ಪೌತಿ ಖಾತೆ ಮಾಡಿಸುವುದು, ಹಿಸ್ಸೆಗಳನ್ನು ಅಳತೆ ಮಾಡಿಸಿ ದುರಸ್ತಿ ಮಾಡಿಸುವುದು, ಹೆಣ್ಣುಮಕ್ಕಳ ಪಾಲನ್ನು ಮರೆಮಾಡದೆ ಬರೆಯಿಸುವುದು ಈಗಲೇ ಆಗಬೇಕಾದ ಕಾರ್ಯಗಳು. ದಾಖಲೆ ಕೆಟ್ಟಿರುವ ಜಮೀನೇ ಮೊದಲು ಅಗ್ಗದ ಬೆಲೆಗೆ ಕೈಬಿಡುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡಿ ಬದುಕುವವರಿಗೆ ಪಹಣಿಯೂ ಇಲ್ಲ, ಪರಿಹಾರವೂ ಇಲ್ಲ. ಬರುವ ಉದ್ಯಮದಲ್ಲಿ ಅವರ ಮಕ್ಕಳಿಗೆ ತರಬೇತಿಯೂ ಕೆಲಸವೂ ದೊರೆಯುವಂತೆ ಕರಾರಿನಲ್ಲಿ ಸೇರಿಸುವುದು ಊರಿನ ಧರ್ಮ.

ವಿಮಾನ ನಿಲ್ದಾಣವು ಎಲ್ಲಿಗೂ ಹೋಗುವುದಿಲ್ಲ, ಅದರ ಸುತ್ತಣ ನೆಲದ ಬೇಡಿಕೆಯೂ ಬೇಗನೆ ಕುಗ್ಗುವಂತಿಲ್ಲ. ಆದ್ದರಿಂದ ಅವಸರಪಡಲು ಕಾರಣವಿರುವುದು ಕೊಳ್ಳುವವನಿಗೇ ಹೊರತು ಭೂಮಿಯ ಒಡೆಯನಿಗಲ್ಲ. ಇದನ್ನು ಅರಿತು, ಯಾವ ಸರ್ವೆ ನಂಬರನ್ನು ಬೇಸಾಯಕ್ಕೆ ಉಳಿಸಬೇಕು, ಯಾವುದನ್ನು ಗುತ್ತಿಗೆಗೆ ಕೊಡಬಹುದು ಎಂಬುದನ್ನು ಪ್ರತಿ ಗ್ರಾಮವೂ ಮುಂದಿನ ಗ್ರಾಮಸಭೆಯಲ್ಲಿಯೇ ಚರ್ಚಿಸಿ ನಿರ್ಣಯವನ್ನು ಬರೆದಿಡುವುದು ಉತ್ತಮ.