ಲಾಟರಿ ಹವ್ಯಾಸವೇ?

"ಲಾಟರಿ ತೆಗೆಯುವುದು ಪಾಪವೇ?" ನಮ್ಮ ಕಾಸರಗೋಡಿನ ಮನೆಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆಯಿದು. ಕೇರಳ ಸರಕಾರದ ಲಾಟರಿಯ ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ಟಿಕೆಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ಕಾನೂನಿನ ಒಪ್ಪಿಗೆಯಂತೂ ಇದೆ. ಕಥೋಲಿಕ ಧರ್ಮೋಪದೇಶದ 2413ನೇ ಪರಿಚ್ಛೇದವೂ ಅದೃಷ್ಟದಾಟವನ್ನು ತನ್ನಷ್ಟಕ್ಕೆ ಅನ್ಯಾಯವೆನ್ನುವುದಿಲ್ಲ. ಆದರೆ ತನ್ನ ಮತ್ತು ಇತರರ ಅಗತ್ಯಗಳಿಗೆ ಬೇಕಾದುದನ್ನು ಅದು ಕಸಿದಾಗ ತಪ್ಪೆನ್ನುತ್ತದೆ, ಚಟವಾದರೆ ದಾಸ್ಯವೆಂದು ಎಚ್ಚರಿಸುತ್ತದೆ.

ಲೆಕ್ಕ ಹಾಕೋಣ. ದಿನಕ್ಕೊಂದು 50 ರೂಪಾಯಿಯ ಟಿಕೆಟಾದರೆ ತಿಂಗಳಿಗೆ 1,500. ಬೀಡಿ ಕಟ್ಟಿ ಸಂಸಾರ ತೂಗಿಸುವ ತಾಯಿಗೆ ಅದು ಅಕ್ಕಿ, ಮಗಳ ಫೀಸು. (ಮಾರುವ ಬಡವನಿಗೆ ಸಹಾಯವೆನ್ನುವವರೂ ಇದ್ದಾರೆ, ಮತ್ತೆ ನಂಬರು ಆರಿಸಿ ಆರಿಸಿ ಕೊಳ್ಳುವುದೇಕೋ!) ಹವ್ಯಾಸವೇ ಆದರೆ ಟಿಕೆಟನ್ನು ಮನೆಯವರಿಗೆ ತೋರಿಸದೆ ಕಿಸೆಯಲ್ಲೇ ಮಡಚಿಡುವುದೇಕೆ? ನಮಗೆ ಅನುಮಾನ ಹುಟ್ಟುವುದು ಅಲ್ಲೇ.