ಮೊದಲು ಕತ್ತರಿ, ಆಮೇಲೆ ಸುತ್ತು

ಮಂದ್ರೂಪದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಂದಿದ್ದಾನೆ. "ಸರ್, ಬಿರಡೆಗೆ ಅಡ್ಡ ತೂತೇ ಇಲ್ಲ. ತಂತಿ ಹಾಕಿಸಾಕ ಸೋಲಾಪುರಕ್ಕ ಒಯ್ಯಬೇಕೇನ್ರಿ?" ಅಂದ. ನೋಡಿದರೆ ಬಿರಡೆಯ ತಲೆ ಸೀಳಿದೆ, ನಡುವೆ ಕೆಳಗಿಳಿಯುವ ತೂತು. 1950ರ ದಶಕದ ಫೆಂಡರ್ ಗಿಟಾರುಗಳಲ್ಲಿದ್ದ ಕ್ಲೂಸನ್ ಮಾದರಿ ಅದು.

ಇದಕ್ಕೆ ಅಂಗಡಿ ಬೇಡವೆಂದೇ ನಮ್ಮ ವಾದ. ಬೇರೆ ಗಿಟಾರಿನಲ್ಲಿ ಸುತ್ತಿದ ಮೇಲೆ ಕತ್ತರಿಸುತ್ತಾರೆ, ಇಲ್ಲಿ ಮೊದಲೇ ಕತ್ತರಿಸಬೇಕು. ಹುಡುಗರು ಹೆದರುವುದು ಇಲ್ಲೇ. ತಂತಿಯನ್ನು ಎಳೆದು ಹಿಡಿದು, ಬಿರಡೆ ದಾಟಿ ಸುಮಾರು ಎರಡು ಇಂಚಿಗೆ ಪಕ್ಕಡದಿಂದ ನೆಟ್ಟಗೆ ಬಾಗಿಸಿ. ಅದರಾಚೆ ತೂತಿನ ಆಳದಷ್ಟು ಬಿಟ್ಟು ಕತ್ತರಿಸಿ. ಬಾಗಿಸದೆ ಕತ್ತರಿಸಿದರೆ ದಪ್ಪ ತಂತಿಯ ಮೇಲಿನ ಸುತ್ತು ಸಡಿಲಾಗಿ ನಾದ ಸತ್ತುಹೋದೀತು. ತುದಿಯನ್ನು ತೂತಿಗೆ ಪೂರ್ತಿ ಇಳಿಸಿ, ಮೇಲಿಂದ ಕೆಳಕ್ಕೆ ಎರಡು-ಮೂರು ಸುತ್ತು ಹಾಕಿ. ತುದಿ ಒಳಗೇ ಅಡಗುವುದರಿಂದ ಬೆರಳಿಗೆ ಚುಚ್ಚುವುದಿಲ್ಲ. ಈ ಬಿರಡೆಯ ಜಾಣತನ ಅದೇ.

ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿಐ ಮನ್ನಣೆ ಪಡೆದ ಮಿರಜ ನಮ್ಮ ಗಡಿಸೀಮೆಯದ್ದೇ. ನಮ್ಮ ಮಕ್ಕಳಿಗೆ ಒಂದು ತಂತಿ ಕಟ್ಟಲು ಬಾರದೆಂದರೆ ಹೇಗೆ? ಕಾರ್ಯಾನುಭವದ ತಾಸಿನಲ್ಲಿ ಕಾಗದದ ಹೂವಿನ ಜೊತೆ ಇದನ್ನೂ ಕಲಿಸೋಣ. ಬಿರಡೆ, ತಂತಿ, ಸುತ್ತು, ಸೀಳು... ಹೇಳಿಕೊಡಲು ಬೇಕಾದ ಮಾತೆಲ್ಲ ಕನ್ನಡದಲ್ಲೇ ಇದೆಯಲ್ಲ!

ಹುಡುಗನ ಬಳಿ ಇದ್ದದ್ದು ಒಂದೇ ಸೆಟ್ಟು. ಮೊದಲನೆಯ ತಂತಿಯನ್ನು ನಾವೇ ಗಿಡ್ಡ ಕತ್ತರಿಸಿ ಕೆಡಿಸಿದೆವು, ಸುಳ್ಳೇಕೆ? ಉಳಿದ ಐದನ್ನು ಅವನೇ ಹಾಕಿದ. ಆ ಒಂದು ತಂತಿ ತರಲು ಸೋಲಾಪುರದ ಬಸ್ಸು ಹತ್ತಿದವರು ನಾವು.